ಶ್ಯಾಲ್, ವಿಲ್ ಮತ್ತು ಒಂದು ಠೇವಣಿ

ಹೋದ ವರ್ಷ ಪುಣೆಯ ಹಿರಿಯರೊಬ್ಬರಿಗೆ ಅವರ ಬಾಡಿಗೆ ಕರಾರನ್ನು ಕನ್ನಡಕ್ಕೆ ತಂದುಕೊಟ್ಟೆ. ಮನೆ ಬಿಡುವಾಗ ಠೇವಣಿ ಕೈಗೆ ಬರುತ್ತದೋ ಇಲ್ಲವೋ ಎಂಬುದಷ್ಟೇ ಅವರ ಚಿಂತೆ. ಮೂಲದಲ್ಲಿ 'ಶ್ಯಾಲ್ ರೀಫಂಡ್' ಎಂದಿತ್ತು. ನಾನು 'ಹಿಂದಿರುಗಿಸುತ್ತಾರೆ' ಎಂದು ಬರೆದಿದ್ದೆ. "ಕೊಡ್ತೀನಿ ಅಂತ ಅವರು ಬಾಯಲ್ಲೂ ಹೇಳ್ತಾರಮ್ಮ. ಕೊಡಲೇಬೇಕು ಅಂತ ಇದೆಯಾ?" ಎಂದು ಕೇಳಿದರು. ಎಂ.ಎ. ಭಾಷಾವಿಜ್ಞಾನ ಓದಿದವಳು ತೆಪ್ಪಗೆ 'ಹಿಂದಿರುಗಿಸತಕ್ಕದ್ದು' ಎಂದು ತಿದ್ದಿದೆ.

ಅವರ ಅನುಮಾನಕ್ಕೆ ಸಾವಿರ ವರ್ಷದ ಬೇರಿದೆ. ಹಳೆಯ ಇಂಗ್ಲಿಷಿನಲ್ಲಿ 'ಶ್ಯಾಲ್'ನ ಪೂರ್ವಜ ಪದಕ್ಕೆ ಸಾಲ ತೀರಿಸಬೇಕಿರುವುದು, ಋಣದಲ್ಲಿರುವುದು ಎಂಬ ಅರ್ಥವಿತ್ತು. ಅದರ ಜರ್ಮನ್ ದಾಯಾದಿ 'ಶುಲ್ಡ್' ಇಂದಿಗೂ ಸಾಲವೂ ಹೌದು, ತಪ್ಪೂ ಹೌದು. 'ವಿಲ್' ಎಂದರೆ ಬಯಸುವುದು. ಒಂದು ಹೊರಗಿನಿಂದ ಬಿದ್ದ ಹೊರೆ, ಇನ್ನೊಂದು ಒಳಗಿನ ಆಸೆ. ಭವಿಷ್ಯತ್ತಿಗೆ ಬೇರೆ ಕ್ರಿಯಾರೂಪವಿಲ್ಲದ ಇಂಗ್ಲಿಷ್ ಎರಡನ್ನೂ ಆ ಕೆಲಸಕ್ಕೆ ಹಚ್ಚಿತು, ಗೊಂದಲ ಶುರುವಾಯಿತು.

1653ರಲ್ಲಿ ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್ ಲ್ಯಾಟಿನ್ನಿನಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ. ಅನಂತಕ್ಕೆ ಮಲಗಿದ ಎಂಟರ ಚಿಹ್ನೆ ಕೊಟ್ಟವನೂ ಇವನೇ. ಅವನ ಸೂತ್ರ ಹೀಗಿತ್ತು: 'ನಾನು' ಜತೆ 'ಶ್ಯಾಲ್' ಬಂದರೆ ಬರೀ ಮುನ್ಸೂಚನೆ, 'ವಿಲ್' ಬಂದರೆ ಮಾತು ಕೊಟ್ಟಂತೆ ಅಥವಾ ಬೆದರಿಸಿದಂತೆ. 'ನೀನು', 'ಅವನು' ಜತೆ ಇದು ತಿರುವುಮುರುವು. ಪರಭಾಷಿಕರಿಗೆಂದು ಹೇಳಿದ ಈ ಸೂತ್ರವನ್ನು ಮುಂದಿನ ವ್ಯಾಕರಣಕಾರರು ಕಾನೂನು ಮಾಡಿಬಿಟ್ಟರು. ಅದನ್ನು ತಪ್ಪಿದವರ ಮೇಲೆ ಒಂದು ಚುಟುಕು ಕಥೆಯೂ ಹುಟ್ಟಿತು. ನೀರಿಗೆ ಬಿದ್ದ ಐರಿಷ್‌ನವನು (ಕೆಲವರ ಬಾಯಲ್ಲಿ ಸ್ಕಾಟ್) ಎರಡು ಪದಗಳನ್ನೂ ಅದಲುಬದಲು ಮಾಡಿ ಕೂಗಿಕೊಂಡನಂತೆ. ದಡದಲ್ಲಿದ್ದವರಿಗೆ ಅದು 'ಮುಳುಗಿಯೇ ತೀರುತ್ತೇನೆ, ಯಾರೂ ಉಳಿಸಕೂಡದು' ಎಂದು ಕೇಳಿಸಿ ಸುಮ್ಮನೆ ನಿಂತರಂತೆ. ನಗು ಬರುತ್ತದೆ, ಆದರೆ ದಡದಲ್ಲಿ ನಿಂತವರ ಮೇಲಲ್ಲವೇ ಬರಬೇಕಾದ್ದು? 1906ರಲ್ಲಿ ಫೌಲರ್ ಸಹೋದರರು ತಮ್ಮ 'ದಿ ಕಿಂಗ್ಸ್ ಇಂಗ್ಲಿಷ್'ನಲ್ಲಿ ಈ ಜೋಡಿಗೆ ಪುಟಗಟ್ಟಲೆ ಮೀಸಲಿಟ್ಟು, ದಕ್ಷಿಣ ಇಂಗ್ಲೆಂಡಿನವರಿಗಷ್ಟೇ ಇದು ಸಹಜವಾಗಿ ಬರುವುದೆಂದರು. ನಮ್ಮ ಪಾಲಿಗೆ ಅದು ರೆನ್ ಮತ್ತು ಮಾರ್ಟಿನ್ ಪುಸ್ತಕವಾಗಿ ಬಂತು.

ಮಾತಿನಲ್ಲಿ 'ವಿಲ್' ಗೆದ್ದಿತು, ಕಾನೂನಿನಲ್ಲಿ 'ಶ್ಯಾಲ್' ಉಳಿಯಿತು. ಅಲ್ಲೂ ಅದರ ಋಣ ಗಟ್ಟಿಯಲ್ಲ. ಸರ್ಕಾರಿ ನೌಕರರ ಶಿಸ್ತಿನ ವಿಷಯದಲ್ಲಿ ಲೋಕಸೇವಾ ಆಯೋಗದ ಸಲಹೆ ಕೇಳಬೇಕೆನ್ನುವ ನಮ್ಮ ಸಂವಿಧಾನದ 320ನೇ ವಿಧಿಯಲ್ಲಿ 'ಶ್ಯಾಲ್' ಇದ್ದರೂ, ಕೇಳದಿದ್ದ ಮಾತ್ರಕ್ಕೆ ಆದೇಶ ಬಿದ್ದುಹೋಗದು ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ಹೇಳಿತು. ದಕ್ಷಿಣ ಆಫ್ರಿಕಾದವರು 1996ರ ಸಂವಿಧಾನದಲ್ಲಿ ಈ ರಗಳೆಯೇ ಬೇಡವೆಂದು 'ಮಸ್ಟ್' ಹಿಡಿದರು.

ನಮ್ಮ 'ತಕ್ಕದ್ದು' ಹುಟ್ಟಿದ್ದು ಸಾಲದಿಂದಲ್ಲ, 'ತಗು' ಧಾತುವಿನಿಂದ, ಅಂದರೆ ಒಪ್ಪುವುದು, ಯೋಗ್ಯವಾಗಿರುವುದು. ಕಚೇರಿಯ ಕನ್ನಡ ಅದನ್ನು ಕಟ್ಟಪ್ಪಣೆ ಮಾಡಿದೆ.

ಹಿರಿಯರು ಮೊನ್ನೆ ಫೋನ್ ಮಾಡಿದ್ದರು. ಠೇವಣಿ ಬಂತಂತೆ, ಬಣ್ಣದ ಖರ್ಚು ಮುರಿದುಕೊಂಡು. ಕರಾರು ತೆಗೆದು ನೋಡಿದೆ. ಬಣ್ಣದ ಕಲಮಿನಲ್ಲಿ ಇದ್ದದ್ದು 'ಮೇ'. ನಾನು ಸರಿಯಾಗಿಯೇ 'ಮುರಿದುಕೊಳ್ಳಬಹುದು' ಎಂದು ಬರೆದಿದ್ದೆ.