ಕಾಳಿಯಿಂದ ಕಾರವಾನದವರೆಗೆ: ಒಂದು ನಾಯಿ, ಹಲವು ಹೆಸರು

ಸಾವಿರ ವರ್ಷಕ್ಕೂ ಹಿಂದೆ ಸತ್ತ ನಾಯಿಯೊಂದರ ಹೆಸರು ಕನ್ನಡಿಗರಿಗೆ ಇವತ್ತಿಗೂ ಗೊತ್ತಿದೆ. ಅದರ ಹೆಸರು ಕಾಳಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ವೀರಗಲ್ಲಿನ ಮೇಲೆ ಅದರ ಕತೆ ಇದೆ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಡುವೆ ಒಂದು ನಾಯಿಯೂ ಒಂದು ಹಂದಿಯೂ ಎದುರಾಬದುರಾಗಿ ಕಚ್ಚಾಡುತ್ತಿರುವ ಉಬ್ಬುಚಿತ್ರ, ಸುತ್ತ ಹಳಗನ್ನಡದ ಅಕ್ಷರಗಳು.

ಶಾಸನದ ಕಾಲ ಶಕ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಯುದ್ಧಕ್ಕೆ ಹೋಗಿದ್ದ. ಅವನ ಜೊತೆಗಿದ್ದ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಇತಿಹಾಸದ ಪುಸ್ತಕಗಳು ಆ ಶಾಸನವನ್ನು ಉಲ್ಲೇಖಿಸುವುದು ಸಾಮಾನ್ಯವಾಗಿ ಈ ಕಾರಣಕ್ಕೆ. ಆದರೆ ಕಲ್ಲು ನೆಟ್ಟಿದ್ದು ತಕ್ಕೋಲದ ಯುದ್ಧಕ್ಕಲ್ಲ. ಬೂತುಗನ ಕಡೆಯ ಮಣಲೆರ ಎಂಬ ವೀರ ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಬೂತುಗನ ನಾಯಿ ಕಾಳಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಅದನ್ನು ಛೂ ಬಿಟ್ಟಾಗ ನಾಯಿ, ಹಂದಿ ಎರಡೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡುವ ಹೊಣೆಯನ್ನು ಅಲ್ಲಿನ ಗೊರವನಿಗೆ ಒಪ್ಪಿಸಿದರು. ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂಟುತ್ತದೆ ಎಂಬ ಕಟ್ಟಳೆಯೂ ಇದೆ.

ನಾಯಿ ಸಾಕುವವರ ಇತಿಹಾಸ ಬರೆಯಲು ಹೊರಟವರಿಗೆ ಈ ಕಲ್ಲಿಗಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಇದರಲ್ಲಿ ನಾಯಿಯ ಹೆಸರಿದೆ, ಮೊದಲ ಒಡೆಯನಾರು, ಎರಡನೆಯವನಾರು, ಯಾವ ಬೆಲೆಗೆ ಕೈ ಬದಲಾಯಿತು, ಯಾವ ಕೆಲಸ ಮಾಡಿತು, ಎಲ್ಲಿ ಸತ್ತಿತು ಎಂಬುದೆಲ್ಲ ಇದೆ. ಇಲ್ಲದ್ದು ಒಂದೇ: ಅದು ಯಾವ ತಳಿಯದು ಎಂಬುದು. ಇವತ್ತು ಇಬ್ಬರು ನಾಯಿ ಸಾಕುವವರು ಎದುರಾದರೆ ಮೊದಲು ಕೇಳಿಕೊಳ್ಳುವ ಪ್ರಶ್ನೆ ಅದೇ. ಮಣಲೆರನಿಗೆ ಆ ಪ್ರಶ್ನೆ ಬೇಕಿರಲಿಲ್ಲ. ಕಾಳಿ ಏನು ಮಾಡಬಲ್ಲದು ಎಂಬುದು ಅವನಿಗೆ ಗೊತ್ತಿತ್ತು.

ನಾಯಿಗಳ ವಿಷಯ ಆಸ್ಥಾನಗಳಲ್ಲಿ ಚರ್ಚೆಯಾಗುತ್ತಿರಲಿಲ್ಲ ಎಂದಲ್ಲ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ನಡುವೆ ಸಾರಮೇಯ ವಿನೋದಕ್ಕೂ, ಅಂದರೆ ನಾಯಿಗಳ ಆಟಕ್ಕೂ ಒಂದು ಜಾಗವಿದೆ. (ಇದು ಬೀದರಿನ ಬಸವಕಲ್ಯಾಣ. ನಮ್ಮ ಪಕ್ಕದ ಕಲ್ಯಾಣ ಜಂಕ್ಷನ್ ಅಲ್ಲ. ಇಲ್ಲಿರುವ ಕನ್ನಡಿಗರಿಗೆ ಇದನ್ನು ಪದೇ ಪದೇ ಹೇಳಬೇಕಾಗುತ್ತದೆ.)

ಆತಕೂರಿನ ಕಲ್ಲು ನೆಟ್ಟ ಕಾಲದಲ್ಲೇ, 949ರಲ್ಲಿ, ಮುದುವೊಳಲು ಎಂಬ ಊರಿನ ಬಳೆಗಾರರ ಮನೆಯಲ್ಲಿ ಕವಿ ರನ್ನ ಹುಟ್ಟಿದ. ಅದೇ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ಕನ್ನಡ ಮೇಷ್ಟರುಗಳಿಗೆ ಅದು ರನ್ನನ ಊರು, ಉಳಿದ ಭಾರತಕ್ಕೆ ನಾಯಿಯ ಊರು.

ಮುಧೋಳ ಬಹುಕಾಲ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಘೋರ್ಪಡೆ ಎಂಬ ಹೆಸರೇ ಪ್ರಾಣಿಯಿಂದ ಬಂದದ್ದು. ಮರಾಠಿಯಲ್ಲಿ ಘೋರ್ಪಡ ಎಂದರೆ ಉಡ. ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಪೂರ್ವಿಕನ ಕತೆಯನ್ನು ಆ ಮನೆತನ ಹೇಳಿಕೊಳ್ಳುತ್ತದೆ. ಅರಮನೆ ಮರಾಠಿಯದು, ಸುತ್ತಲಿನ ಊರುಗಳು ಕನ್ನಡದವು. ಆ ಊರುಗಳಲ್ಲಿ ಬೇಡರಿದ್ದರು, ಕುರುಬರಿದ್ದರು. ಉದ್ದ ಕಾಲು, ಚೂಪು ಮೂತಿ, ಒಳಗೆ ಸೆಳೆದುಕೊಂಡ ಹೊಟ್ಟೆಯ ನಾಯಿ ಅವರ ಹಿಂದೆ ಓಡಾಡುತ್ತಿತ್ತು. ಮೊಲ ಎದ್ದರೆ ಬಯಲಿನಲ್ಲಿ ಅಟ್ಟಿ ಹಿಡಿಯುವುದು ಅದರ ಕೆಲಸ. ಇಂಥ ನಾಯಿ ಮೂಗನ್ನು ನಂಬುವುದಕ್ಕಿಂತ ಕಣ್ಣನ್ನು ನಂಬುತ್ತದೆ. ಓಟದ ಒಂದು ಸುತ್ತಿನಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ: ಮೈ ಬಿಲ್ಲಿನಂತೆ ಬಗ್ಗಿದಾಗ ಒಮ್ಮೆ, ಚಾಚಿದಾಗ ಇನ್ನೊಮ್ಮೆ. ಗುಡ್ಡಗಾಡಿಗಿಂತ ಎರೆಭೂಮಿಯ ಬಯಲಿಗೆ ಹೇಳಿ ಮಾಡಿಸಿದ ಮೈ ಅದು.

ಇಲ್ಲಿ 1857ರ ಹಲಗಲಿಯನ್ನು ನೆನೆಯಬೇಕು. ಹಲಗಲಿ ಇರುವುದು ಮುಧೋಳದ ಸೀಮೆಯಲ್ಲೇ. ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದು ಎಲ್ಲರೂ ಆಯುಧ ಒಪ್ಪಿಸಬೇಕೆಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಲಾವಣಿಗಳು ಹುಟ್ಟಿದವು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಮುಂಬಯಿ ಪ್ರಾಂತ್ಯದ ಅಧಿಕಾರಿ. ಆತಕೂರಿನ ಶಾಸನವನ್ನು ಓದಿ ಪ್ರಕಟಿಸಿದವರೂ ಅದೇ ಫ್ಲೀಟ್. ಕಾಳಿಯ ಕತೆ, ಹಲಗಲಿಯ ಕತೆ ಎರಡೂ ಒಬ್ಬನೇ ಮನುಷ್ಯನ ಮೇಜಿನ ಮೇಲೆ ಹಾದುಹೋದವು ಎಂಬುದು ನನಗೆ ಯಾವತ್ತೂ ಸೋಜಿಗ. ಬಂದೂಕು, ಕತ್ತಿ ಕಿತ್ತುಕೊಂಡ ಮೇಲೆ ಬೇಟೆಯವನ ಕೈಯಲ್ಲಿ ಉಳಿಯುವುದು ನಾಯಿಯೇ ತಾನೇ ಎಂದು ನಾನು ಯೋಚಿಸುವುದುಂಟು. ಇದು ನನ್ನ ಊಹೆ, ದಾಖಲೆಯ ಮಾತಲ್ಲ.

ಅರಮನೆಯ ಕತೆ ಎಲ್ಲರಿಗೂ ಗೊತ್ತಿರುವಂಥದು. 20ನೇ ಶತಮಾನದ ಮೊದಲ ದಶಕಗಳಲ್ಲಿ ಮುಧೋಳ ಆಳಿದ ಮಾಲೋಜಿರಾವ್ ಘೋರ್ಪಡೆ ಬೇಡರ ಬಳಿಯಿದ್ದ ಈ ನಾಯಿಗಳನ್ನು ಮೆಚ್ಚಿ, ಅರಮನೆಗೆ ತಂದು ತಳಿ ಬೆಳೆಸಿದರು, ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೇ ಜಾರ್ಜನಿಗೆ ಕಾಣಿಕೆ ಕೊಟ್ಟರು, ಅವನೇ ಇವನ್ನು ಮುಧೋಳದ ಹೌಂಡ್ ಎಂದು ಕರೆದ ಎಂಬುದು ಊರವರು, ಪತ್ರಿಕೆಯವರು, ಭಾಷಣಕಾರರು ಹೇಳುತ್ತ ಬಂದಿರುವ ಮಾತು. ಕೆಲವರು ಇದಕ್ಕೆ 1937 ಎಂಬ ಇಸವಿಯನ್ನೂ ಸೇರಿಸುತ್ತಾರೆ. ಅದು ಸಾಧ್ಯವಿಲ್ಲ. ಐದನೇ ಜಾರ್ಜ್ 1936ರ ಜನವರಿಯಲ್ಲೇ ತೀರಿಕೊಂಡಿದ್ದ. ಕಾಣಿಕೆ ಕೊಟ್ಟದ್ದೇ ಆಗಿದ್ದರೆ ಅದಕ್ಕೆ ಮೊದಲೇ ಆಗಿರಬೇಕು. ಇಸವಿಗಿಂತ ನನಗೆ ಮುಖ್ಯ ಅನಿಸುವುದು ಕತೆಯ ದಿಕ್ಕು. ಮಣಲೆರನ ಕತೆಯಲ್ಲಿ ನಾಯಿ ಒಡೆಯನಿಂದ ಕೆಳಗಿನವನಿಗೆ ಇಳಿದು ಬರುತ್ತದೆ. ಇಲ್ಲಿ ಬೇಡನಿಂದ ರಾಜನಿಗೆ, ರಾಜನಿಂದ ಚಕ್ರವರ್ತಿಗೆ ಏರಿ ಹೋಗುತ್ತದೆ. ಆ ಏರಿಕೆಯಲ್ಲಿ ನಾಯಿಗೆ ಊರಿನ ಹೆಸರು ಸಿಕ್ಕಿತು, ಅದನ್ನು ಸಾಕಿದ ಬೇಡನ ಹೆಸರು ಎಲ್ಲೂ ಬರಲಿಲ್ಲ.

ಈ ಹೆಸರೂ ಗಡಿ ದಾಟಿದರೆ ನಿಲ್ಲುವುದಿಲ್ಲ. ಸಾಂಗ್ಲಿ, ಸೊಲ್ಲಾಪುರದ ಕಡೆ ಇದೇ ನಾಯಿ ಕಾರವಾನಿ. ಕಿವಿ, ಬಾಲದ ತುದಿಯಲ್ಲಿ ರೇಷ್ಮೆಯಂಥ ಕೂದಲಿದ್ದರೆ ಪಶ್ಮಿ. ಎರಡೂ ಪಾರಸಿ ಮೂಲದ ಮಾತುಗಳು: ಕಾರವಾನ್ ಎಂದರೆ ವರ್ತಕರ ಸಾಲು, ಪಶ್ಮ್ ಎಂದರೆ ಉಣ್ಣೆ. ನೋಡಲು ಪಶ್ಚಿಮ ಏಷ್ಯಾದ ಸಲೂಕಿಯ ಹಾಗೆಯೇ ಇರುವುದರಿಂದ, ವರ್ತಕರ, ಸೈನಿಕರ ಜೊತೆ ದಖನ್ನಿಗೆ ಬಂದ ನಾಯಿಗಳ ಸಂತತಿ ಇದು ಎಂದು ಹಲವರು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಮರಾಠಾ ಹೌಂಡ್ ಎಂದವರೂ ಇದ್ದಾರೆ. ನಾಯಿ ಕ್ಲಬ್ಬುಗಳಲ್ಲೂ ಒಮ್ಮತವಿಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ನೋಂದಾಯಿಸುವುದು ಕಾರವಾನ್ ಹೌಂಡ್ ಎಂದು. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ನೋಂದಾಯಿಸುವುದು ಮುಧೋಳ ಹೌಂಡ್ ಎಂದು.

ನಾನಿರುವ ಉಲ್ಹಾಸನಗರದಲ್ಲಿ ಈ ಜಗಳ ಬೆಳಗಿನ ವಾಕಿಂಗಿನಲ್ಲೇ ಕೇಳಿಸುತ್ತದೆ. ಈ ಊರು ಎರಡನೇ ಮಹಾಯುದ್ಧದ ಕಾಲದ ಕಲ್ಯಾಣ ಕ್ಯಾಂಪು. ದೇಶ ಒಡೆದ ಮೇಲೆ ಸಿಂಧಿ ನಿರಾಶ್ರಿತರು ಸೈನ್ಯದ ಬ್ಯಾರಕ್ಕುಗಳಲ್ಲಿ ನೆಲೆಸಿದರು, 1949ರಲ್ಲಿ ಉಲ್ಹಾಸನಗರ ಎಂಬ ಹೆಸರು ಬಂತು. ಇಂದಿಗೂ ವಿಳಾಸ ಹೇಳುವುದು ಕ್ಯಾಂಪ್ ನಂಬರಿನಲ್ಲಿ. ಹೆಸರು ಬದಲಾದ ಊರಿನಲ್ಲಿ ನಾಯಿಯ ಹೆಸರಿನ ವಾದ ನಡೆಯುವುದು ಸರಿಯಾಗೇ ಇದೆ ಅನ್ನಿ. ಲ್ಯಾಬ್ರಡಾರ್, ಶಿಟ್ಜು, ಪೊಮೆರೇನಿಯನ್‌ಗಳ ನಡುವೆ ಅಪರೂಪಕ್ಕೆ ಎಲುಬು ಕಾಣುವ ಎತ್ತರದ ನಾಯಿಯೊಂದು ಬಂದರೆ ಮೊದಲ ಪ್ರಶ್ನೆ, “ಇಸ್ಕೋ ಖಾನಾ ನಹೀ ದೇತೇ ಕ್ಯಾ?” ಎರಡನೆಯದು, “ಕಾರವಾನ್ ಹೈ ನಾ?” ಹಗ್ಗ ಹಿಡಿದವರು ಜಮಖಂಡಿ ಕಡೆಯವರಾಗಿದ್ದರೆ ಅಲ್ಲೇ ನಿಲ್ಲುತ್ತಾರೆ: “ಕಾರವಾನ ಅಲ್ರೀ, ಇದು ನಮ್ಮ ಮುಧೋಳ ನಾಯಿ.” ಮೂರನೆಯ ಪ್ರಶ್ನೆ ಪೇಪರಿನದು. ಪೇಪರ್ ಎಂದರೆ ಕ್ಲಬ್ಬಿನ ವಂಶಾವಳಿ ಪತ್ರ. ಅಪ್ಪ ಯಾರು, ಅಜ್ಜ ಯಾರು ಎಂದು ಅದರಲ್ಲಿ ಬರೆದಿರುತ್ತದೆ. ಕಾಳಿಯ ಕಲ್ಲಿನಲ್ಲಿ ಇಲ್ಲದ್ದು ಈ ಪೇಪರಿನಲ್ಲಿದೆ, ಆ ಕಲ್ಲಿನಲ್ಲಿ ಇರುವ ಹೆಚ್ಚಿನದು ಈ ಪೇಪರಿನಲ್ಲಿಲ್ಲ.

ಈ ನಾಯಿಯ ಕೆಲಸ ಹೋದದ್ದು ಎರಡು ಹೆಜ್ಜೆಯಲ್ಲಿ. 1948ರಲ್ಲಿ ಮುಧೋಳ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು, ಅರಮನೆಯ ಆಶ್ರಯ ಮುಗಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯೇ ಅಪರಾಧವಾಯಿತು. ಕಾಯಿದೆ ಸರಿಯೇ. ಆದರೆ ಬೇಟೆಗೆಂದೇ ತಲೆಮಾರುಗಳಿಂದ ಆರಿಸಿಕೊಂಡು ಬಂದ ಪ್ರಾಣಿ ಮುಂದೆ ಏನು ಮಾಡಬೇಕು ಎಂದು ಯಾರೂ ಯೋಚಿಸಲಿಲ್ಲ. ಮುಧೋಳದ ಸುತ್ತ ಅದು ಹೊಲ ಕಾಯಿತು, ಕುರಿಹಟ್ಟಿ ಕಾಯಿತು. ಕುರುಬರಲ್ಲಿ ನಾಯಿಗೆ ಮೊದಲಿನಿಂದಲೂ ಜಾಗವಿದೆ. ಮೈಲಾರಲಿಂಗನ ಜೊತೆ ನಾಯಿ ಇರುತ್ತದೆ, ಅವನ ಭಕ್ತರಾದ ಗೊರವಯ್ಯರು ದೋಣಿಯಲ್ಲಿ ಹಾಲು ಬಾಳೆಹಣ್ಣು ಇಟ್ಟು ನಾಯಿಯಂತೆ ಬೊಗಳುತ್ತ ಬಾಯಲ್ಲೇ ತಿನ್ನುವ ಸೇವೆ ಇಂದಿಗೂ ಉಂಟು. ಆತಕೂರಿನಲ್ಲಿ ನಾಯಿಯ ಕಲ್ಲಿಗೆ ಪೂಜೆ ಮಾಡಬೇಕಾಗಿದ್ದವನೂ ಗೊರವನೇ ಎಂಬುದನ್ನು ಓದುಗರು ಗಮನಿಸಿರಬಹುದು. ಎರಡನ್ನೂ ನೇರವಾಗಿ ಜೋಡಿಸುವ ಧೈರ್ಯ ನನಗಿಲ್ಲ.

ಆಮೇಲೆ ಸರ್ಕಾರಕ್ಕೆ ಈ ನಾಯಿ ಕಂಡಿತು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳಯಂಗಳ ಜೊತೆ ಮುಧೋಳವೂ ಇತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ತೆರೆಯಿತು. 2016ರಲ್ಲಿ ಸೈನ್ಯ ಕೆಲವು ಮರಿಗಳನ್ನು ತರಬೇತಿಗೆಂದು ಮೀರತ್ತಿಗೆ ಒಯ್ದಿತು. 2018ರ ಚುನಾವಣೆಯಲ್ಲಿ ಪ್ರಧಾನಿ ಜಮಖಂಡಿಯ ಸಭೆಯಲ್ಲಿ ಮುಧೋಳ ನಾಯಿಯಿಂದ ದೇಶಪ್ರೇಮ ಕಲಿಯಿರಿ ಎಂದು ಎದುರಾಳಿಗಳಿಗೆ ಹೇಳಿದರು, ನಾಯಿ ಒಂದು ವಾರ ಟಿವಿ ಚರ್ಚೆಯಾಯಿತು. 2020ರ ಆಗಸ್ಟಿನ ಮನ್ ಕಿ ಬಾತ್‌ನಲ್ಲಿ ಮತ್ತೆ ಅದರ ಹೆಸರು ಬಂತು. 2022ರಲ್ಲಿ ಪ್ರಧಾನಿಯ ಭದ್ರತೆಯ ಎಸ್‌ಪಿಜಿಯವರು ತಿಮ್ಮಾಪುರದಿಂದ ಎರಡು ಮರಿ ಕೊಂಡೊಯ್ದರು. ಈ ನಡುವೆ ಕರ್ನಾಲಿನ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೊ ರಾಜಪಾಳಯಂ, ಚಿಪ್ಪಿಪಾರೈ ಜೊತೆ ಮುಧೋಳವನ್ನು ಕರ್ನಾಟಕದ ತಳಿಯಾಗಿ ನೋಂದಾಯಿಸಿತು. ಸರ್ಕಾರದ ಮಟ್ಟಿಗೆ ಹೆಸರಿನ ಜಗಳ ಮುಗಿಯಿತು. ಕಾರವಾನಿ ಎನ್ನುವ ಸಾಂಗ್ಲಿಯ ಧನಗರನಿಗೆ ಅದನ್ನು ಯಾರೂ ತಿಳಿಸಿರಲಾರರು.

ಇದರಿಂದ ಮುಧೋಳದ ಸುತ್ತಲಿನ ಮನೆಗಳಿಗೆ ಲಾಭವಾಯಿತು, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಎರಡೆಕರೆ ಒಣಭೂಮಿಯ ಮನೆಗೆ ವರ್ಷಕ್ಕೊಂದು ಸೂಲಿನ ಮರಿಗಳು ಎಂದರೆ ಸಣ್ಣ ಆದಾಯವಲ್ಲ. ಬಸುರಿ ನಾಯಿಗೆ ಜೋಳದ ನುಚ್ಚು ಬೇಯಿಸಿ ಹಾಲು ಕಲಸಿ ಹಾಕುವವರು, ರಾತ್ರಿ ಎದ್ದು ಮರಿ ನೋಡುವವರು ಹೆಚ್ಚಾಗಿ ಮನೆಯ ಹೆಂಗಸರು. ಮಾರುವ ಮಾತುಕತೆಗೆ ಗಂಡಸರು ಬರುತ್ತಾರೆ. ಆದರೆ ಬೇಡಿಕೆ ಹೆಚ್ಚಿದಾಗ ಯಾವ ಗಂಡು, ಯಾವ ಹೆಣ್ಣು ಎಂದು ನೋಡುವ ತಾಳ್ಮೆ ಕಡಿಮೆಯಾಗುತ್ತದೆ. ಮೊದಲು ಆ ಆಯ್ಕೆಯನ್ನು ಬಯಲು ಮಾಡುತ್ತಿತ್ತು: ಮೊಲದ ಹಿಂದೆ ಓಡಲಾರದ ನಾಯಿಯ ಮರಿಯನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಆಯ್ಕೆ ಮಾಡುವುದು ಮೊಬೈಲಿನ ಫೋಟೊ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಸಾಕಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬಿಡಿಸಿದ ಮರಿ ಅಂಜುಬುರುಕವಾಗುತ್ತದೆ ಎಂಬುದು ನಿಯಮ ಓದದ ಹಳೆಯ ಸಾಕಣೆದಾರರಿಗೂ ಗೊತ್ತಿರುವ ಮಾತು.

ಆ ಮರಿ ಮುಂಬಯಿ ಕಡೆ ಬಂದು ಸೇರುವುದು ಎರಡು ಕೋಣೆಯ ಫ್ಲ್ಯಾಟಿಗೆ. ಬಾಲ ಗೋಡೆಗೆ ಬಡಿದು ತುದಿ ಹುಣ್ಣಾಗುತ್ತದೆ, ಚರ್ಮ ತೆಳುವಾದ್ದರಿಂದ ಟೈಲ್ಸಿನ ಮೇಲೆ ಮಲಗಿ ಮೊಣಕೈ ಗಟ್ಟಿಕಟ್ಟುತ್ತದೆ. ಹಗ್ಗ ಬಿಚ್ಚುವಂತಿಲ್ಲ, ಬಿಚ್ಚಿದರೆ ಬೆಕ್ಕಿನ ಹಿಂದೆ ಹೋದದ್ದು ಕೂಗಿದರೂ ತಿರುಗುವುದಿಲ್ಲ. ತಿಳಿದವರು ಬೆಳಕು ಹರಿಯುವ ಮೊದಲೇ ಗೇಟಿರುವ ಮೈದಾನ ಹುಡುಕಿಕೊಂಡು ಹೋಗಿ, ಬೇರೆ ನಾಯಿಗಳಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಿಡುತ್ತಾರೆ. ಎರಡು ಸುತ್ತು, ಹೆಚ್ಚೆಂದರೆ ಮೂರು. ಆಮೇಲೆ ನಾಯಿ ತಾನಾಗಿಯೇ ಬಂದು ಕಾಲ ಬಳಿ ನಿಂತು ನಾಲಗೆ ಚಾಚುತ್ತದೆ, ಗೇಟಿನ ಕಾವಲುಗಾರ ಮತ್ತೆ ಕೇಳುತ್ತಾನೆ, ಇದಕ್ಕೆ ಊಟ ಹಾಕುವುದಿಲ್ಲವೇ ಎಂದು.