ಹೆಬ್ರಿಡೀಸ್ ದ್ವೀಪಗಳ ಕಥೆಗಾರರೂ ಅವರ ನುಡಿಯನ್ನು ಬರೆದಿಟ್ಟವರೂ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದಲ್ಲಿ ಹೆಬ್ರಿಡೀಸ್ ಎಂಬ ದ್ವೀಪಸಮೂಹವಿದೆ. ಅಲ್ಲಿಯ ಬಡ ರೈತರ ಮತ್ತು ಮೀನುಗಾರರ ಮನೆಮಾತು ಗೇಲಿಕ್. ಅದು ಇಂಗ್ಲಿಷಿನ ಉಪಭಾಷೆಯಲ್ಲ; ಐರಿಷ್ ಭಾಷೆಗೆ ಸೋದರಿಯಾದ ಸ್ವತಂತ್ರ ಭಾಷೆ. 1891ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನ ಎರಡೂವರೆ ಲಕ್ಷ ಜನ ಅದನ್ನು ಆಡುತ್ತಿದ್ದರು. 2011ರ ಗಣತಿಯ ವೇಳೆಗೆ ಆ ಸಂಖ್ಯೆ 58 ಸಾವಿರಕ್ಕಿಂತಲೂ ಕೆಳಗಿಳಿದಿತ್ತು. ಇಷ್ಟು ಕ್ಷೀಣಿಸಿದ ಭಾಷೆಯ ಕಥೆ, ಹಾಡು, ಗಾದೆ, ಪ್ರಾರ್ಥನೆಗಳು ಇಂದು ಅಪಾರ ಪ್ರಮಾಣದಲ್ಲಿ ಉಳಿದಿವೆ. ಅವನ್ನು ಉಳಿಸಿದವರು ಯಾರು, ಉಳಿಸಿದ ಬಗೆ ಯಾವುದು ಎಂಬುದು ಗಡಿಯಾಚೆ ನೆಲೆಸಿರುವ ಕನ್ನಡಿಗರಾದ ನಾವು ಅವಶ್ಯವಾಗಿ ತಿಳಿಯಬೇಕಾದ ಚರಿತ್ರೆಯೆಂದು ಭಾವಿಸಿದ್ದೇವೆ.

ಆ ದ್ವೀಪಗಳಲ್ಲಿ ಚಳಿಗಾಲದ ರಾತ್ರಿಗಳು ಬಲು ದೀರ್ಘ. ಬೇಸಾಯಕ್ಕೂ ಮೀನುಗಾರಿಕೆಗೂ ಬಿಡುವಾದ ಆ ದಿನಗಳಲ್ಲಿ ಊರಿನ ಯಾವುದಾದರೊಂದು ಮನೆಯಲ್ಲಿ ಜನ ಸೇರುತ್ತಿದ್ದರು. ಜೌಗುನೆಲದಿಂದ ಅಗೆದು ಒಣಗಿಸಿದ ಮಣ್ಣಿನ ಹೆಂಟೆಗಳೇ ಅಲ್ಲಿ ಉರುವಲು. ಆ ಬೆಂಕಿಯ ಸುತ್ತ ಗಂಡಸರು ಹಗ್ಗ ಹೊಸೆಯುತ್ತ, ಹೆಂಗಸರು ಉಣ್ಣೆ ನೂಲುತ್ತ ಕಥೆ ಕೇಳುತ್ತಿದ್ದರು. ಇಂಥ ಕೂಟಕ್ಕೆ ‘ಕೇಲಿ’ ಎಂದು ಹೆಸರು. ಫಿನ್ ಎಂಬ ಪುರಾತನ ವೀರನ ಸಾಹಸಗಳು, ರಾಜಕುಮಾರರ ಅದ್ಭುತ ಕಥೆಗಳು, ಊರಿನ ಚರಿತ್ರೆ, ವಂಶಾವಳಿ ಎಲ್ಲವೂ ಅಲ್ಲಿ ಬಾಯಿಂದ ಬಾಯಿಗೆ ಸಾಗುತ್ತಿದ್ದವು. ಒಂದು ರಾತ್ರಿಗೆ ಮುಗಿಯದ ಕಥೆ ಮರುರಾತ್ರಿಗೆ ಮುಂದುವರಿಯುತ್ತಿತ್ತು. ಓದುಬರಹ ಬಾರದ ಕಥೆಗಾರನೇ ಆ ಊರಿಗೆ ಗ್ರಂಥಾಲಯ.

ಈ ಪರಂಪರೆಗೆ ಪೆಟ್ಟುಗಳು ಒಂದರ ಮೇಲೊಂದು ಬಿದ್ದವು. ಕುರಿ ಸಾಕಣೆಯ ಲಾಭಕ್ಕಾಗಿ ಭೂಮಾಲಿಕರು ಒಕ್ಕಲುಗಳನ್ನು ಎಬ್ಬಿಸಿದರು. 1851ರಲ್ಲಿ ಸೌತ್ ಯುಯಿಸ್ಟ್ ದ್ವೀಪದಿಂದಲೇ ನೂರಾರು ಜನರನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳುಹಿಸಲಾಯಿತು. ಹಲವು ದ್ವೀಪಗಳಲ್ಲಿ ಕಟ್ಟುನಿಟ್ಟಿನ ಧರ್ಮಬೋಧಕರು ಕಥೆ ಹಾಡುಗಳನ್ನು ಪಾಪವೆಂದು ಸಾರಿದರು. 1872ರ ಶಿಕ್ಷಣ ಕಾಯಿದೆ ಮಕ್ಕಳೆಲ್ಲರನ್ನೂ ಶಾಲೆಗೆ ತಂದಿತಾದರೂ ಅದರಲ್ಲಿ ಗೇಲಿಕ್ ಭಾಷೆಗೆ ಎಡೆಯೇ ಇರಲಿಲ್ಲ. ಮನೆಮಾತನ್ನು ಆಡಿದ್ದಕ್ಕಾಗಿ ತರಗತಿಯಲ್ಲಿ ದಂಡನೆಗೊಳಗಾದುದನ್ನು ಆ ತಲೆಮಾರಿನ ಅನೇಕರು ಮುಪ್ಪಿನಲ್ಲಿಯೂ ಮರೆತಿರಲಿಲ್ಲ. ಶಾಲೆಯಲ್ಲಿಯೇ ಆಯುಷ್ಯ ಸವೆಸಿದ ನಮಗೆ ಈ ಸಂಗತಿ ಎಲ್ಲಕ್ಕಿಂತ ಹೆಚ್ಚು ನೋವು ತರುತ್ತದೆ.

ಸಂಗ್ರಹಕಾರ್ಯಕ್ಕೆ ಭದ್ರ ಬುನಾದಿ ಹಾಕಿದವನು ಐಲೇ ದ್ವೀಪದ ಜಾನ್ ಫ್ರಾನ್ಸಿಸ್ ಕ್ಯಾಂಪ್‌ಬೆಲ್ (1821–1885). ಅವನಿಗಿಂತ ನೂರು ವರ್ಷ ಹಿಂದೆ ಜೇಮ್ಸ್ ಮ್ಯಾಕ್‌ಫರ್ಸನ್ ಎಂಬವನು ಓಸಿಯನ್ ಎಂಬ ಪ್ರಾಚೀನ ಕವಿಯ ಕಾವ್ಯಗಳೆಂದು ಕೆಲವು ಕೃತಿಗಳನ್ನು ಪ್ರಕಟಿಸಿ ಯೂರೋಪನ್ನೆಲ್ಲ ಬೆರಗುಗೊಳಿಸಿದ್ದ. ಅವು ಬಹುಮಟ್ಟಿಗೆ ಅವನದೇ ರಚನೆಗಳೆಂಬ ಆರೋಪ ಬಂದು, ಗೇಲಿಕ್ ಪರಂಪರೆಯೆಲ್ಲವೂ ಸಂಶಯಕ್ಕೆ ಗುರಿಯಾಗಿತ್ತು. ಆದುದರಿಂದ ಕ್ಯಾಂಪ್‌ಬೆಲ್ ಒಂದು ನಿಯಮವನ್ನು ಹಾಕಿಕೊಂಡ: ಕಥೆಗಾರ ನುಡಿದಂತೆಯೇ ಬರೆಯಬೇಕು, ತಿದ್ದಬಾರದು, ಹೇಳಿದವನ ಹೆಸರು, ಊರು, ವೃತ್ತಿಗಳನ್ನು ಕಥೆಯೊಡನೆಯೇ ದಾಖಲಿಸಬೇಕು. ಈ ಕೆಲಸಕ್ಕೆ ಅವನು ನೆಚ್ಚಿದ್ದು ರಾಜಧಾನಿಯ ಪಂಡಿತರನ್ನಲ್ಲ, ಗೇಲಿಕ್ ಬಲ್ಲ ಸ್ಥಳೀಯರನ್ನು. ಅವರಲ್ಲಿ ಮುಖ್ಯನಾದವನು ಹೆಕ್ಟರ್ ಮ್ಯಾಕ್ಲೀನ್ ಎಂಬ ಶಾಲಾ ಉಪಾಧ್ಯಾಯ. ಅವರ ಶ್ರಮದ ಫಲವಾಗಿ 1860ರಿಂದ 1862ರ ನಡುವೆ ಪಶ್ಚಿಮ ಹೈಲ್ಯಾಂಡ್ಸ್ ಪ್ರದೇಶದ ಜನಪದ ಕಥೆಗಳ ನಾಲ್ಕು ಸಂಪುಟಗಳು ಹೊರಬಂದವು. ಗೇಲಿಕ್ ಮೂಲವೂ ಇಂಗ್ಲಿಷ್ ಅನುವಾದವೂ ಅವುಗಳಲ್ಲಿ ಜೊತೆಗೂಡಿ ಅಚ್ಚಾದವು.

ಅವನ ನಂತರ ಬಂದ ಅಲೆಕ್ಸಾಂಡರ್ ಕಾರ್ಮೈಕೇಲ್ (1832–1912) ಅಬಕಾರಿ ಅಧಿಕಾರಿ. ಇಲಾಖೆಯ ಕೆಲಸದ ಮೇಲೆ ದ್ವೀಪದಿಂದ ದ್ವೀಪಕ್ಕೆ ತಿರುಗುತ್ತ ಅವನು ಸಂಗ್ರಹಿಸಿದ್ದು ದಿನನಿತ್ಯದ ಪ್ರಾರ್ಥನೆಗಳನ್ನೂ ಮಂತ್ರಗಳನ್ನೂ. ಹಸು ಕರೆಯುವಾಗ ಒಂದು, ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚುವಾಗ ಒಂದು, ಹೀಗೆ ಬಾಳಿನ ಪ್ರತಿಯೊಂದು ಕೆಲಸಕ್ಕೂ ಅಲ್ಲಿ ಒಂದು ನುಡಿಯಿತ್ತು. 1900ರಲ್ಲಿ ‘ಕಾರ್ಮಿನಾ ಗೆಡೆಲಿಕಾ’ ಎಂಬ ಹೆಸರಿನಿಂದ ಅವುಗಳ ಎರಡು ಸಂಪುಟಗಳು ಪ್ರಕಟವಾದವು. ಗ್ರಂಥವೇನೋ ಮನೋಹರ. ಆದರೆ ಮುಂದಿನ ವಿದ್ವಾಂಸರು ಅವನ ಟಿಪ್ಪಣಿ ಪುಸ್ತಕಗಳನ್ನು ಮುದ್ರಿತ ಪಾಠದೊಡನೆ ಹೋಲಿಸಿದಾಗ, ಹಲವೆಡೆ ಅವನು ಪದಗಳನ್ನು ತಿದ್ದಿ ಒಪ್ಪಗೊಳಿಸಿದ್ದು ಕಂಡುಬಂದಿತು. ಪ್ರೀತಿಯಿಂದ ಮಾಡಿದ ಅಲಂಕಾರವೂ ಸಾಕ್ಷ್ಯವನ್ನು ಮಸುಕುಗೊಳಿಸಬಲ್ಲುದೆಂಬುದಕ್ಕೆ ಇದೇ ನಿದರ್ಶನ.

ಇಪ್ಪತ್ತನೆಯ ಶತಮಾನದಲ್ಲಿ ಈ ಕಾರ್ಯಕ್ಕೆ ಜೀವವನ್ನೇ ತೆತ್ತವನು ಕ್ಯಾಲಂ ಮ್ಯಾಕ್ಲೀನ್ (1915–1960). ರಾಸೇ ದ್ವೀಪದ ಈತನಿಗೆ ಗೇಲಿಕ್ ತಾಯ್ನುಡಿ. ಪ್ರಸಿದ್ಧ ಕವಿ ಸಾರ್ಲಿ ಮ್ಯಾಕ್ಲೀನ್ ಇವನ ಅಣ್ಣ. ಐರ್ಲೆಂಡಿನ ಜಾನಪದ ಆಯೋಗದ ಪರವಾಗಿ ಹೆಬ್ರಿಡೀಸ್‌ನಲ್ಲಿ ದುಡಿಯತೊಡಗಿದ ಇವನು, 1951ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವು ಸ್ಕಾಟಿಷ್ ಅಧ್ಯಯನ ಶಾಲೆಯನ್ನು ಸ್ಥಾಪಿಸಿದಾಗ ಅಲ್ಲಿಯ ಸಂಗ್ರಾಹಕನಾದ. ಮೊದಲಿಗೆ ಅವನ ಬಳಿಯಿದ್ದುದು ಮೇಣದ ಉರುಳೆಗಳ ಮೇಲೆ ಧ್ವನಿ ಕೊರೆಯುವ ಯಂತ್ರ. ಕಥೆಯನ್ನು ಅಕ್ಷರಕ್ಕಿಳಿಸಿದ ಮೇಲೆ ಆ ಮೇಣವನ್ನು ಹೆರೆದು, ಅದೇ ಉರುಳೆಯನ್ನು ಮತ್ತೆ ಬಳಸಬೇಕಾಗಿತ್ತು. ಹಣದ ಅಭಾವ ಅಂಥದು. ಕಥೆ ಉಳಿಯಿತು, ಕಥೆಗಾರನ ದನಿ ಮೇಣದ ಚೂರಾಗಿ ಉದುರಿಹೋಯಿತು. ಧ್ವನಿಯನ್ನೇ ಕಾಯ್ದಿಡುವುದು ಸಾಧ್ಯವಾದದ್ದು ಟೇಪ್ ರೆಕಾರ್ಡರ್ ಬಂದ ಮೇಲೆ. ಕ್ಯಾನ್ಸರ್ ರೋಗದಿಂದ ಎಡಗೈಯನ್ನು ಕಳೆದುಕೊಂಡ ಮೇಲೂ ಮ್ಯಾಕ್ಲೀನ್ ಕೆಲಸ ಬಿಡಲಿಲ್ಲ. ಸೌತ್ ಯುಯಿಸ್ಟ್‌ನಲ್ಲಿಯೇ ತೀರಿಕೊಂಡು ಅಲ್ಲಿಯ ಮಣ್ಣಿನಲ್ಲಿಯೇ ಮಲಗಿದ್ದಾನೆ.

ಅವನು ಕಂಡ ಕಥೆಗಾರರಲ್ಲಿ ಅಗ್ರಗಣ್ಯನಾದವನು ಅದೇ ದ್ವೀಪದ ಡಂಕನ್ ಮ್ಯಾಕ್‌ಡೊನಾಲ್ಡ್. ಅವನ ಒಂದು ದೀರ್ಘ ಕಥೆಯನ್ನು ಬೇರೆ ಬೇರೆ ವರ್ಷಗಳಲ್ಲಿ ಬರೆದುಕೊಂಡು ಹೋಲಿಸಿ ನೋಡಿದರೆ ಮಾತು ಮಾತೂ ಬಹುಪಾಲು ಒಂದೇ! ಅಕ್ಷರವಿಲ್ಲದ ಸ್ಮೃತಿ ಅಸ್ಥಿರವೆಂಬ ನಂಬಿಕೆಯನ್ನು ಇದು ಅಲುಗಿಸಿತು. ಅವನ ಮಗ ಡೊನಾಲ್ಡ್ ಜಾನ್ ಸ್ವತಃ ಕವಿ; ತಂದೆಯ ಕಥೆಗಳನ್ನು ತಾನೇ ಕುಳಿತು ಬರೆದು ಎಡಿನ್‌ಬರೋಗೆ ಒಪ್ಪಿಸಿದ.

ಹೊರಗಿನಿಂದ ಬಂದವರ ಸೇವೆಯೂ ಅಲ್ಪವಲ್ಲ. ಅಮೆರಿಕದ ಮಾರ್ಗರೆಟ್ ಫೇ ಶಾ 1929ರಿಂದ ಸುಮಾರು ಆರು ವರ್ಷ ಸೌತ್ ಯುಯಿಸ್ಟ್‌ನ ಇಬ್ಬರು ಸೋದರಿಯರ ಮನೆಯಲ್ಲಿದ್ದು, ಭಾಷೆ ಕಲಿತು, ಹಾಡುಗಳನ್ನು ಸ್ವರಸಹಿತ ಬರೆದುಕೊಂಡಳು. ನೇಯ್ದ ಉಣ್ಣೆಬಟ್ಟೆಯನ್ನು ಹೆಂಗಸರು ಗುಂಪಾಗಿ ಹಲಗೆಗೆ ಬಡಿದು ಹದಗೊಳಿಸುವಾಗಿನ ಹಾಡುಗಳೂ ಅವುಗಳಲ್ಲಿದ್ದವು. ನಮ್ಮ ಬೀಸುವ ಪದಗಳಂತೆ ಅವು ದುಡಿಮೆಯ ಲಯದಿಂದಲೇ ಹುಟ್ಟಿದವು. ಅವಳ ಪತಿ ಜಾನ್ ಲಾರ್ನ್ ಕ್ಯಾಂಪ್‌ಬೆಲ್ 1938ರಲ್ಲಿ ಕ್ಯಾನಾ ದ್ವೀಪವನ್ನೇ ಕೊಂಡು ಅಲ್ಲಿ ಅಮೂಲ್ಯ ಸಂಗ್ರಹವನ್ನು ಬೆಳೆಸಿದ. ಅದಕ್ಕೆ ಹಿಂದಿನ ವರ್ಷ ದಂಪತಿಗಳು ಕೆನಡಾದ ನೋವಾ ಸ್ಕೋಷಿಯಾಕ್ಕೆ ಹೋಗಿದ್ದರು. ಹೆಬ್ರಿಡೀಸ್‌ನಿಂದ ವಲಸೆ ಹೋದವರ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿ ಹಿರಿಯರ ಹಾಡುಗಳು ಆಗಲೂ ಜೀವಂತವಾಗಿದ್ದವು. ನಾಡಿನಿಂದ ದೂರವಾದ ನುಡಿ, ಆಡುವ ಮನೆಯಿರುವವರೆಗೆ ಅಳಿಯುವುದಿಲ್ಲ.

2010ರಿಂದ ಈ ಧ್ವನಿಮುದ್ರಣಗಳಲ್ಲಿ ಸಾವಿರಾರನ್ನು ‘ತೋಬರ್ ಅನ್ ದುಅಲ್ಖಸ್’, ಅಂದರೆ ಪರಂಪರೆಯ ಬಾವಿ, ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಕೇಳಬಹುದಾಗಿದೆ. ಬಾವಿಯಲ್ಲಿ ನೀರಿದ್ದರೆ ಸಾಲದು, ಸೇದುವವರೂ ಬೇಕು. ಗೇಲಿಕ್ ತಿಳಿಯದ ಮೊಮ್ಮಗನಿಗೆ ಅಜ್ಜನ ದನಿ ಬರಿಯ ದನಿಯಾಗಿಯೇ ಉಳಿಯುತ್ತದೆ.

ಭೀಮಾತೀರದ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದ್ದನ್ನು ಕನ್ನಡಿಗರಾರೂ ಮರೆಯಲಾರರು. ಅವರಿಗೂ ವಿಶ್ವವಿದ್ಯಾಲಯದ ಬೆಂಬಲವಿರಲಿಲ್ಲ. ಊರಿನ ಮಾತು ಗೊತ್ತಿತ್ತು, ಅಷ್ಟೆ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುವುದರೊಡನೆ, ಪ್ರತಿಯೊಂದು ಊರಿನ ಹಂತಿಯ ಪದ, ಡೊಳ್ಳಿನ ಪದ, ಸೋಬಾನೆಗಳನ್ನು ಹಾಡಿದವರ ಹೆಸರು, ಊರುಗಳ ಸಮೇತ, ತಿದ್ದದೆ, ದನಿಯೊಂದಿಗೆ ದಾಖಲಿಸಬೇಕು. ಈ ಕೆಲಸವನ್ನು ಶಾಲೆಯ ಮಕ್ಕಳ ಕೈಯಲ್ಲಿಯೇ ಮಾಡಿಸುವುದು ಉತ್ತಮ; ಏಕೆಂದರೆ ಬರೆದುಕೊಳ್ಳುವ ಮಗು ಆ ಮಾತನ್ನು ಕಲಿಯುತ್ತದೆ. ಮೇಣದ ಉರುಳೆಯ ಕಾಲದ ಬಡತನ ಇಂದು ನಮಗಿಲ್ಲ. ಆದರೆ ಹಾಡುವ ಅಜ್ಜಿಯರು ಪ್ರತಿ ಊರಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬುದನ್ನು ಬೆರಳೆಣಿಸಿ ಹೇಳಬಹುದು. ಎಣಿಕೆಯನ್ನು ಈ ವರ್ಷವೇ ಆರಂಭಿಸೋಣ.