ಹವ್ಯಾಸಿಯ ಕ್ಯಾಮರಾ ಮತ್ತು ಊರಿನ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಅರಸರ ಹೆಸರುಗಳೂ ಯುದ್ಧಗಳ ಇಸವಿಗಳೂ ನೆನಪಿಗೆ ಬರುತ್ತವೆ. ಬೀದಿಯಲ್ಲಿ ನಡೆದವರು, ಉದ್ಯಾನದಲ್ಲಿ ವಿಹರಿಸಿದವರು, ಸಂತೆಯಲ್ಲಿ ಕುಳಿತವರು ಆ ಚರಿತ್ರೆಯಲ್ಲಿ ಕಾಣಸಿಗುವುದು ವಿರಳ. ಅಂಥವರ ಮುಖಗಳನ್ನು ನಮಗೆ ಉಳಿಸಿಕೊಟ್ಟವರಲ್ಲಿ, ಸಂಬಳಕ್ಕಲ್ಲದೆ ಸಂತೋಷಕ್ಕಾಗಿ ಕ್ಯಾಮರಾ ಹಿಡಿದ ಹವ್ಯಾಸಿಗಳೂ ಇದ್ದಾರೆ. ಈ ಕಲೆಯು ಶ್ರೀಸಾಮಾನ್ಯನ ಕೈಗೆ ಬಂದ ಬಗೆಯನ್ನು ಸಂಗ್ರಹವಾಗಿ ವಿವೇಚಿಸೋಣ.

ಫ್ರಾನ್ಸ್ ದೇಶದ ದಾಗೇರನ ಛಾಯಾಚಿತ್ರ ವಿಧಾನವು 1839ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಅದಕ್ಕೆ ಒಂದು ವರ್ಷ ಮೊದಲು ಅವನು ಪ್ಯಾರಿಸ್ಸಿನ ಒಂದು ಹೆದ್ದಾರಿಯನ್ನು ಎತ್ತರದಿಂದ ಚಿತ್ರಿಸಿದ್ದನು. ಆ ಚಿತ್ರದಲ್ಲಿ ಬೀದಿಯು ಹೆಚ್ಚುಕಡಮೆ ನಿರ್ಜನವಾಗಿದೆ. ನಿಜವಾಗಿ ಅಲ್ಲಿ ಜನರಿಗೂ ಗಾಡಿಗಳಿಗೂ ಕೊರತೆಯಿರಲಿಲ್ಲ. ಫಲಕದ ಮೇಲೆ ಹಲವು ನಿಮಿಷ ಬೆಳಕು ಬೀಳಬೇಕಾಗಿದ್ದುದರಿಂದ ಚಲಿಸುತ್ತಿದ್ದುದೊಂದೂ ಮೂಡಲಿಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದವನ ಆಕೃತಿ ಮಾತ್ರ ಸ್ಪಷ್ಟವಾಗಿ ಉಳಿಯಿತು. ನಗರಜೀವನವನ್ನು ಹಿಡಿಯಲು ಆಗಿನ ಯಂತ್ರಕ್ಕೆ ಇನ್ನೂ ವೇಗ ಸಾಲದಾಗಿತ್ತು.

1851ರಲ್ಲಿ ಇಂಗ್ಲೆಂಡಿನ ಆರ್ಚರ್ ಎಂಬವನು ಗಾಜಿನ ಫಲಕದ ವಿಧಾನವನ್ನು ತಿಳಿಸಿದನು. ಕಾಲಾವಧಿ ಕಡಮೆಯಾಯಿತು; ಶ್ರಮ ಕಡಮೆಯಾಗಲಿಲ್ಲ. ಲೇಪ ಆರುವುದರೊಳಗೆ ಚಿತ್ರ ತೆಗೆದು ಸಂಸ್ಕರಿಸಬೇಕಾದುದರಿಂದ, ಹೊರಗೆ ಹೋಗುವವನು ಕತ್ತಲೆಯ ಡೇರೆಯನ್ನೂ ರಾಸಾಯನಿಕಗಳ ಸೀಸೆಗಳನ್ನೂ ಹೊತ್ತೇ ಹೋಗಬೇಕಿತ್ತು. ಆದುದರಿಂದ ಇದು ಹಣವೂ ಬಿಡುವೂ ಉಳ್ಳವರ ಹವ್ಯಾಸವಾಗಿಯೇ ಉಳಿಯಿತು. ಭಾರತದಲ್ಲಿ 1854ರಲ್ಲಿ ಮುಂಬಯಿಯಲ್ಲೂ, 1856ರಲ್ಲಿ ಕಲ್ಕತ್ತ ಮತ್ತು ಮದರಾಸುಗಳಲ್ಲೂ ಛಾಯಾಚಿತ್ರ ಸಂಘಗಳು ಹುಟ್ಟಿದವು. ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು 1854ರಲ್ಲಿ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದನು. ಸರಕಾರದ ಛಾಯಾಗ್ರಾಹಕನಾಗಿ ಅವನು ನೇಮಕಗೊಂಡದ್ದು ಅದಾದ ಮೇಲೆಯೇ.

ದೊಡ್ಡ ಬದಲಾವಣೆಗೆ ದಾರಿ ಮಾಡಿದವನು ಒಬ್ಬ ವೈದ್ಯ. 1871ರಲ್ಲಿ ಮ್ಯಾಡಾಕ್ಸನು ಜೆಲಟಿನ್ ಲೇಪದ ಒಣ ಫಲಕವನ್ನು ಸೂಚಿಸಿದನು. ಬ್ಯಾಂಕಿನ ಗುಮಾಸ್ತನಾಗಿದ್ದ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಇಂಥ ಫಲಕಗಳ ತಯಾರಿಕೆಗೆ ಇಳಿದು, 1888ರಲ್ಲಿ ಕೊಡಕ್ ಕ್ಯಾಮರಾವನ್ನು ಮಾರುಕಟ್ಟೆಗೆ ತಂದನು. ಬೆಲೆ 25 ಡಾಲರು. ಒಳಗಿನ ಸುರುಳಿಯಲ್ಲಿ 100 ಚಿತ್ರಗಳು. ಮುಗಿದ ಮೇಲೆ ಕ್ಯಾಮರಾವನ್ನೇ ಕಾರ್ಖಾನೆಗೆ ಕಳುಹಿಸಿದರೆ, 10 ಡಾಲರಿಗೆ ಚಿತ್ರಗಳನ್ನು ಅಚ್ಚುಹಾಕಿ ಹೊಸ ಸುರುಳಿಯನ್ನು ತುಂಬಿ ಕೊಡುತ್ತಿದ್ದರು. 1900ರಲ್ಲಿ ಬಂದ ಬ್ರೌನಿಯ ಬೆಲೆ ಒಂದೇ ಡಾಲರು. ರಸಾಯನಶಾಸ್ತ್ರವನ್ನರಿಯದ ಬಾಲಕರೂ ಈಗ ಚಿತ್ರಕಾರರಾದರು.

ಪ್ಯಾರಿಸ್ಸಿನ ಬಳಿಯ ಲಾರ್ತೀಗ್ ಅಂಥ ಬಾಲಕನು. 1894ರಲ್ಲಿ ಹುಟ್ಟಿದ ಅವನಿಗೆ ಎಂಟರ ಆಸುಪಾಸಿನ ವಯಸ್ಸಿನಲ್ಲೇ ತಂದೆ ಕ್ಯಾಮರಾ ಕೊಟ್ಟನು. ಬುವಾ ದ ಬುಲೋನ್ ಎಂಬ ವಿಶಾಲ ಉದ್ಯಾನದಲ್ಲಿ ಅಲಂಕರಿಸಿಕೊಂಡು ಅಡ್ಡಾಡುವ ಸ್ತ್ರೀಯರು, ನಾಯಿಗಳು, ಮೋಟಾರುಗಳು ಅವನ ವಸ್ತುಗಳು. ಬೆಳೆದ ಮೇಲೆ ತನ್ನನ್ನು ವರ್ಣಚಿತ್ರಕಾರನೆಂದೇ ಎಣಿಸಿಕೊಂಡ ಅವನ ಛಾಯಾಚಿತ್ರಗಳಿಗೆ ವಿಶಾಲವಾದ ಕೀರ್ತಿ ಬಂದದ್ದು 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನದಿಂದ. ಆಗ ಅವನಿಗೆ ಅರುವತ್ತೊಂಬತ್ತು ವರ್ಷ.

ಇಲ್ಲಿ ಎರಡು ವಿಷಯಗಳು ವಿಚಾರಾರ್ಹ. ಲಾರ್ತೀಗನು ಚಿತ್ರಗಳನ್ನು ಆಲ್ಬಮ್ಮುಗಳಲ್ಲಿ ಅಂಟಿಸಿ, ವಿವರಗಳನ್ನು ಬರೆದಿಟ್ಟನು, ದಿನಚರಿಯನ್ನೂ ಇಟ್ಟನು. ಅದರಿಂದಲೇ ವಿನೋದವು ದಾಖಲೆಯಾಯಿತು. ಎರಡನೆಯದು, ಅವನ ಉದ್ಯಾನದಲ್ಲಿ ಕಾಣುವವರು ಬಹುಮಟ್ಟಿಗೆ ಸಿರಿವಂತರು. ಆ ಉಡುಪುಗಳನ್ನು ಒಗೆದವರೂ ಹೊಲಿದವರೂ ಚೌಕಟ್ಟಿನ ಹೊರಗಿದ್ದಾರೆ. ದಾಗೇರನ ಚಿತ್ರದಲ್ಲಿ ಜನರನ್ನು ಅಳಿಸಿದ್ದು ಯಂತ್ರದ ಮಾಂದ್ಯ. ಇಲ್ಲಿ ಹೊರಗಿಟ್ಟದ್ದು ಕ್ಯಾಮರಾ ಹಿಡಿದವನ ಬಾಳು. ಚಿತ್ರವೊಂದನ್ನು ಪಾಠದಲ್ಲಿ ತೋರಿಸುವಾಗ, ಯಾರಿದ್ದಾರೆ ಎಂಬುದರೊಡನೆ ಯಾರಿಲ್ಲ ಎಂಬುದನ್ನೂ ನಾವು ಕೇಳಬೇಕು.

ಗಡಿನಾಡಿನವರಾದ ನಮಗೆ ಈ ಮಾತು ಹತ್ತಿರದ್ದು. ನಮ್ಮ ಊರುಗಳನ್ನು ಹೊರಗಿನವರು ಬಂದು ಚಿತ್ರಿಸುವುದು ಅಪರೂಪ. ಕನ್ನಡದ ನಾಮಫಲಕ, ಹಳೆಯ ಶಾಲೆಯ ಹೆಂಚಿನ ಮಾಡು, ಅಶ್ವತ್ಥಕಟ್ಟೆ, ಸಂತೆಯ ಸಾಲು, ಇವು ಒಂದೊಂದಾಗಿ ಮರೆಯಾಗುತ್ತಿವೆ. ಇಂದು ಅನೇಕ ಮನೆಗಳಲ್ಲಿ ಮೊಬೈಲಿನ ಕ್ಯಾಮರಾ ಇದೆ, ಚಿತ್ರಗಳೂ ಬೇಕಾದಷ್ಟಿವೆ. ಹೆಸರು, ಸ್ಥಳ, ದಿನಾಂಕಗಳು ಮಾತ್ರ ಇಲ್ಲ. ಪ್ರತಿ ಶಾಲೆಯಲ್ಲೂ ವರ್ಷಕ್ಕೆ ಹನ್ನೆರಡು ಚಿತ್ರಗಳನ್ನು, ಅದರಲ್ಲಿರುವವರ ಒಪ್ಪಿಗೆ ಪಡೆದು ತೆಗೆದು, ಕಾಗದದ ಮೇಲೆ ಅಚ್ಚುಹಾಕಿಸಿ, ಹಿಂಬದಿಯಲ್ಲಿ ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ವಿವರ ಬರೆಯಿಸಿ ಜೋಪಾನ ಮಾಡೋಣ. ಊರಿನ ಚರಿತ್ರೆಯನ್ನು ಬರೆಯಲು ನಾಳೆ ಕುಳಿತುಕೊಳ್ಳುವವರಿಗೆ ಇದಕ್ಕಿಂತ ಉಪಯುಕ್ತವಾದ ಕಾಣಿಕೆಯನ್ನು ನಮ್ಮಂಥ ಪ್ರಾಥಮಿಕ ಶಿಕ್ಷಕರು ಕೊಡುವುದು ಕಷ್ಟ.